ಗ್ಲುಟೆನ್‌ರಹಿತ ಬ್ರೆಡ್

ಗ್ಲುಟೆನ್‌ರಹಿತ ಬ್ರೆಡ್ ಎಂಬುದು ಗೋಧಿ, ಬಾರ್ಲಿ, ರೈ ಹಾಗೂ ಇವುಗಳ ಮಿಶ್ರತಳಿಗಳನ್ನು ಬಳಸದೆ, ಅಕ್ಕಿ, ಜೋಳ, ರಾಗಿ, ಸಿರಿಧಾನ್ಯ, ಬೇಳೆಕಾಳುಗಳ ಹಿಟ್ಟು ಮತ್ತು ಗಡ್ಡೆಗಳ ಪಿಷ್ಟದಿಂದ ತಯಾರಿಸಿ, ಉಬ್ಬಿಸಿ ಬೇಯಿಸುವ ಬ್ರೆಡ್. ಈ ಧಾನ್ಯಗಳಲ್ಲಿನ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ ಇರುವವರ ದಿನನಿತ್ಯದ ಆಹಾರವಾಗಿ ಗ್ಲುಟೆನ್‌ರಹಿತ ಬ್ರೆಡ್ ಬೆಳೆದುಬಂತು. ಬೇಕರಿಯ ದೊಡ್ಡ ಯಂತ್ರಗಳು ಇದಕ್ಕೆ ಬೇಕಿಲ್ಲ. ಒಂದು ತೂಕದ ಯಂತ್ರ, ಒಂದು ಬೋಗುಣಿ, ಒಂದು ಟಿನ್ನು, ಜೊತೆಗೆ ಓಟಿಜಿ (ಮನೆಬಳಕೆಯ ಚಿಕ್ಕ ವಿದ್ಯುತ್ ಒಲೆ) ಅಥವಾ ಕುಕ್ಕರ್ ಇದ್ದರೆ ಮನೆಯಲ್ಲೇ ಆಗುತ್ತದೆ. ಈ ಲೇಖನದ ಕೇಂದ್ರ ಆ ಮನೆಯ ತಯಾರಿಕೆಯೇ.

ಕೆಲವು ಪದಗಳನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ‘ಗ್ಲುಟೆನ್‌ರಹಿತ’ ಮತ್ತು ‘ಗೋಧಿರಹಿತ’ ಒಂದೇ ಅಲ್ಲ. ಗೋಧಿ ಇಲ್ಲದ ಬ್ರೆಡ್ಡಿನಲ್ಲಿ ಬಾರ್ಲಿ ಇದ್ದರೆ ಅದರಲ್ಲಿ ಗ್ಲುಟೆನ್ ಇದ್ದೇ ಇರುತ್ತದೆ. ಧಾನ್ಯ ಅಥವಾ ಗಡ್ಡೆಯಿಂದ ಬೇರ್ಪಡಿಸಿದ ಬಿಳಿಯ ಪುಡಿಯನ್ನು ‘ಪಿಷ್ಟ’ ಎಂದೂ, ಹಿಟ್ಟನ್ನು ಒಂದಕ್ಕೊಂದು ಹಿಡಿದಿಡುವ ಗುಣವನ್ನು ‘ಜಿಗಿ’ ಎಂದೂ, ಬೀಜ ಅಥವಾ ಹೊಟ್ಟು ನೀರಿನಲ್ಲಿ ಬಿಡುವ ಜಾರುವ ವಸ್ತುವನ್ನು ‘ಲೋಳೆ’ ಎಂದೂ, ಬ್ರೆಡ್ಡಿನ ಒಳಗಿನ ಮೆತ್ತನೆಯ ಭಾಗವನ್ನು ‘ತಿರುಳು’ ಎಂದೂ ಇಲ್ಲಿ ಕರೆಯಲಾಗಿದೆ.

ಹಿನ್ನೆಲೆ

ಗೋಧಿ ಹಿಟ್ಟಿನ ಮುದ್ದೆಯನ್ನು ನೀರಿನಲ್ಲಿ ತೊಳೆಯುತ್ತಾ ಹೋದರೆ ಪಿಷ್ಟವೆಲ್ಲ ಹರಿದುಹೋಗಿ ರಬ್ಬರಿನಂಥ ಅಂಟು ಮುದ್ದೆಯೊಂದು ಉಳಿಯುತ್ತದೆ. ಇಟಲಿಯ ಬೊಲೊನ್ಯಾದ ವಿದ್ವಾಂಸ ಯಾಕೊಪೊ ಬೆಕ್ಕಾರಿ ಇದನ್ನು ವಿವರಿಸಿದ ಬರಹ 1745ರಲ್ಲಿ ಪ್ರಕಟವಾಯಿತು. ಆ ಮುದ್ದೆಯೇ ಗ್ಲುಟೆನ್. ಲ್ಯಾಟಿನ್ ಭಾಷೆಯಲ್ಲಿ ‘ಗ್ಲುಟೆನ್’ ಎಂದರೆ ಅಂಟು.

ಈ ಅಂಟಿಗೂ ಒಂದು ಕಾಯಿಲೆಗೂ ನಂಟಿದೆ ಎಂದು ತಿಳಿಯಲು ಮತ್ತೆ ಎರಡು ಶತಮಾನ ಹಿಡಿಯಿತು. ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1888ರಲ್ಲಿ ಸೀಲಿಯಾಕ್ ಕಾಯಿಲೆಯ ಲಕ್ಷಣಗಳನ್ನು ಆಧುನಿಕ ವೈದ್ಯಶಾಸ್ತ್ರದ ಭಾಷೆಯಲ್ಲಿ ಬರೆದಿಟ್ಟರು. ಇದು ಗುಣವಾಗುವುದಾದರೆ ಆಹಾರದಿಂದಲೇ ಎಂಬ ಅಂದಾಜೂ ಅವರಿಗಿತ್ತು. ಆದರೆ ಯಾವ ಆಹಾರ ಎಂಬುದು ಗೊತ್ತಿರಲಿಲ್ಲ. 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಇಂಥ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಹೇಳಿದರು. ಮಕ್ಕಳು ಚೇತರಿಸಿಕೊಂಡರು, ಎಲ್ಲರೂ ಬಾಳೆಹಣ್ಣಿನ ಗುಣವನ್ನು ಹೊಗಳಿದರು. ಚೇತರಿಕೆಗೆ ನಿಜವಾದ ಕಾರಣ ಆ ಪಥ್ಯದಲ್ಲಿ ಬ್ರೆಡ್ ಇಲ್ಲದಿದ್ದದ್ದು.

ಉತ್ತರ ಕೊಟ್ಟವರು ನೆದರ್‌ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕ್ಕೆ. ಹೇಗ್ ನಗರದ ಮಕ್ಕಳ ಆಸ್ಪತ್ರೆಯಲ್ಲಿದ್ದ ಅವರು 1930ರ ದಶಕದಲ್ಲೇ ಬ್ರೆಡ್ ಬಿಟ್ಟ ಮಕ್ಕಳು ಸುಧಾರಿಸುವುದನ್ನು ಗಮನಿಸಿದ್ದರು. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲ, 1944-45ರಲ್ಲಿ, ಆ ದೇಶದಲ್ಲಿ ಬ್ರೆಡ್ಡಿಗೆ ಭೀಕರ ಬರ ಬಂತು. ಊರೆಲ್ಲ ಹಸಿದಿದ್ದಾಗ ಸೀಲಿಯಾಕ್ ಮಕ್ಕಳು ಮಾತ್ರ ಹದಗೆಡಲಿಲ್ಲ. ಡಿಕ್ಕೆ 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ಗೋಧಿಯ ಪಾತ್ರವನ್ನು ಸಾಬೀತುಪಡಿಸಿದರು. ಸಹೋದ್ಯೋಗಿಗಳೊಂದಿಗೆ 1953ರಲ್ಲಿ ಪ್ರಕಟಿಸಿದ ಅಧ್ಯಯನ ದೋಷ ಗ್ಲುಟೆನ್ನಿನಲ್ಲಿದೆ ಎಂದು ತೋರಿಸಿತು. ಗೋಧಿ ಇಲ್ಲದೆ ಬ್ರೆಡ್ ಮಾಡುವುದು ಹೇಗೆ ಎಂಬ ಪ್ರಶ್ನೆ ಅಲ್ಲಿಂದ ಮುಂದೆ ಅಡುಗೆಮನೆಗೆ ಬಂತು.

ಹಾಗೆಂದು ಗ್ಲುಟೆನ್ ಇಲ್ಲದೆ ಉಬ್ಬುವ ತಿನಿಸು ಜಗತ್ತಿಗೆ ಹೊಸದಲ್ಲ. ಇಥಿಯೋಪಿಯಾದ ಜನ ಟೆಫ್ ಎಂಬ ಸಣ್ಣ ಕಾಳಿನ ಹಿಟ್ಟನ್ನು ದಿನಗಟ್ಟಲೆ ಹುಳಿಸಿ ಇಂಜೆರಾ ಹುಯ್ಯುತ್ತಾರೆ. ಬ್ರೆಜಿಲ್‌ನಲ್ಲಿ ಮರಗೆಣಸಿನ ಪಿಷ್ಟ ಮತ್ತು ಚೀಸ್ ಬೆರೆಸಿ ಪಾಂವ್ ಡಿ ಕೇಜು ಎಂಬ ಪುಟ್ಟ ಬ್ರೆಡ್ ಮಾಡುತ್ತಾರೆ. ಕರಾವಳಿಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ರುಬ್ಬಿದ ಅಕ್ಕಿಗೆ ಶೇಂದಿ ಬೆರೆಸಿ, ಅದರಲ್ಲಿನ ಯೀಸ್ಟಿನಿಂದ ಉಬ್ಬಿಸಿ, ಹಬೆಯಲ್ಲಿ ಸಾನ್ನಾಂ ಬೇಯಿಸುವುದು ಹಳೆಯ ರೂಢಿ. ಕನ್ನಡದ ಹಳೆಯ ಗದ್ಯಕೃತಿ ‘ವಡ್ಡಾರಾಧನೆ’ಯಲ್ಲಿ ಇಡ್ಲಿಯನ್ನು ನೆನಪಿಸುವ ‘ಇಡ್ಡಲಿಗೆ’ಯ ಹೆಸರಿದೆ.

ರಚನೆ: ಗ್ಲುಟೆನ್ ಮಾಡುವ ಕೆಲಸ

ಹೋಳಿಗೆಯ ಕಣಕವನ್ನು ಎಳೆದರೆ ಹರಿಯದೆ ಹಿಗ್ಗುತ್ತದೆ. ಜೋಳದ ಹಿಟ್ಟಿನ ಮುದ್ದೆಯನ್ನು ಹಾಗೆ ಎಳೆದರೆ ತುಂಡಾಗುತ್ತದೆ. ಗ್ಲುಟೆನ್ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ ಇಷ್ಟರಲ್ಲೇ ಇದೆ. ಗೋಧಿಯಲ್ಲಿ ಗ್ಲಿಯಾಡಿನ್ ಮತ್ತು ಗ್ಲುಟೆನಿನ್ ಎಂಬ ಎರಡು ಬಗೆಯ ಪ್ರೋಟೀನ್‌ಗಳಿವೆ. ನೀರು ಹಾಕಿ ನಾದಿದಾಗ ಇವು ಹೆಣೆದುಕೊಂಡು ಬಲೆಯಾಗುತ್ತವೆ. ಗ್ಲಿಯಾಡಿನ್ ಕಣಕವನ್ನು ಹಿಗ್ಗಿಸುತ್ತದೆ, ಗ್ಲುಟೆನಿನ್ ಅದನ್ನು ಹಿಡಿದು ನಿಲ್ಲಿಸುತ್ತದೆ. ಯೀಸ್ಟ್ ಬಿಡುವ ಇಂಗಾಲದ ಡೈ ಆಕ್ಸೈಡ್ ಈ ಬಲೆಯೊಳಗೆ ಸಿಕ್ಕಿಕೊಂಡು ಬ್ರೆಡ್ ಉಬ್ಬುತ್ತದೆ. ಬಾರ್ಲಿಯ ಹಾರ್ಡೀನ್, ರೈಯ ಸೆಕಾಲಿನ್ ಗ್ಲಿಯಾಡಿನ್ನಿನ ಹತ್ತಿರದ ಬಂಧುಗಳು. ಸೀಲಿಯಾಕ್ ಇರುವವರಿಗೆ ಅವೂ ವರ್ಜ್ಯ.

ಗ್ಲುಟೆನ್‌ರಹಿತ ಬ್ರೆಡ್ಡಿನಲ್ಲಿ ಆ ಬಲೆ ಇರುವುದೇ ಇಲ್ಲ. ಹಾಗಾಗಿ ಗೋಧಿ ಹಿಟ್ಟಿನ ಜಾಗದಲ್ಲಿ ಅಷ್ಟೇ ಅಕ್ಕಿ ಹಿಟ್ಟು ಹಾಕಿದರೆ ಇಟ್ಟಿಗೆಯಂಥ ಗಟ್ಟಿ ಮುದ್ದೆ ಸಿಗುತ್ತದೆ. ಇದನ್ನು ಗೋಧಿ ಬ್ರೆಡ್ಡಿನ ಬಡ ತಮ್ಮ ಎಂದು ನೋಡುವುದೇ ತಪ್ಪು. ಇದರ ಕಟ್ಟಡವೇ ಬೇರೆ. ಇಲ್ಲಿ ಗಾಳಿಯನ್ನು ಹಿಡಿಯುವ ಕೆಲಸವನ್ನು ಮೂರು ವಸ್ತುಗಳು ಹಂಚಿಕೊಳ್ಳುತ್ತವೆ. ಹಸಿ ಹಿಟ್ಟಿನಲ್ಲಿ ಲೋಳೆ ಗುಳ್ಳೆಗಳನ್ನು ತಡೆದಿಡುತ್ತದೆ. ಬೇಯುವಾಗ ಪಿಷ್ಟ ನೀರು ಹೀರಿ, ಹಿಗ್ಗಿ, ಗೋಂದಾಗಿ ಗುಳ್ಳೆಗಳ ಗೋಡೆಯನ್ನು ನಿಲ್ಲಿಸುತ್ತದೆ. ಮೊಟ್ಟೆ, ಮೊಸರು ಅಥವಾ ಉದ್ದಿನಂಥ ಪ್ರೋಟೀನ್ ಆ ಗೋಡೆಗೆ ಬಿಗಿ ಕೊಡುತ್ತದೆ.

ಇದಕ್ಕೆ ಸಮೀಪದ ಉದಾಹರಣೆ ಇಡ್ಲಿ. ಅಕ್ಕಿಯಲ್ಲಿ ಜಿಗಿ ಇಲ್ಲ, ಆದರೂ ಇಡ್ಲಿ ಉಬ್ಬುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ (ಸಿ.ಎಫ್.ಟಿ.ಆರ್.ಐ.) ಎನ್.ಎಸ್. ಸುಶೀಲಮ್ಮ ಮತ್ತು ಎಂ.ವಿ.ಎಲ್. ರಾವ್ 1970ರ ದಶಕದಲ್ಲಿ ಇದರ ಗುಟ್ಟನ್ನು ಉದ್ದಿನಲ್ಲಿ ಹುಡುಕಿದರು. ಉದ್ದಿನ ಗ್ಲೋಬ್ಯುಲಿನ್ ಪ್ರೋಟೀನ್ ನೊರೆಗಟ್ಟುತ್ತದೆ, ಅದರ ಅರಾಬಿನೊಗ್ಯಾಲಕ್ಟನ್ ಎಂಬ ಲೋಳೆ ಆ ನೊರೆ ಒಡೆಯದಂತೆ ಕಾಯುತ್ತದೆ. ಗ್ಲುಟೆನ್‌ರಹಿತ ಬ್ರೆಡ್ಡಿನ ತತ್ತ್ವವೂ ಇದೇ.

ಉತ್ತರ ಕರ್ನಾಟಕದ ರೊಟ್ಟಿಯಲ್ಲಿ ಇನ್ನೊಂದು ಉಪಾಯವಿದೆ. ಜೋಳದ ಹಿಟ್ಟಿಗೆ ಕುದಿಯುವ ಎಸರು ಹುಯ್ದು ನಾದುತ್ತಾರೆ. ಬಿಸಿಗೆ ಪಿಷ್ಟದ ಒಂದು ಪಾಲು ಅಲ್ಲೇ ಗೋಂದಾಗಿ ಹಿಟ್ಟಿಗೆ ಜಿಗಿ ಬರುತ್ತದೆ, ರೊಟ್ಟಿ ಬಡಿಯುವಾಗ ಹರಿಯುವುದಿಲ್ಲ. ಅಕ್ಕಿ ರೊಟ್ಟಿಗೆ ಹಿಟ್ಟನ್ನು ಉಕ್ಕರಿಸುವುದೂ ಇದಕ್ಕೇ. ಬ್ರೆಡ್ ಮಾಡುವಾಗ ಹಿಟ್ಟಿನ ಹತ್ತನೆಯ ಒಂದು ಪಾಲನ್ನು ನೀರಿನಲ್ಲಿ ಗಂಜಿಯಂತೆ ಕಾಯಿಸಿ ಬೆರೆಸಿದರೆ ತಿರುಳು ಮೆತ್ತಗಾಗುತ್ತದೆ, ಹೆಚ್ಚು ಕಾಲ ಬಾಳುತ್ತದೆ.

ಹಿಟ್ಟುಗಳು

ಒಂದೇ ಹಿಟ್ಟಿನಿಂದ ಒಳ್ಳೆಯ ಬ್ರೆಡ್ ಆಗುವುದು ಅಪರೂಪ. ಸಾಮಾನ್ಯವಾಗಿ ಒಂದು ತಟಸ್ಥ ರುಚಿಯ ಹಿಟ್ಟು, ಒಂದು ಮೈಕಟ್ಟು ಕೊಡುವ ಹಿಟ್ಟು ಮತ್ತು ಒಂದು ಪಿಷ್ಟವನ್ನು ಸೇರಿಸುತ್ತಾರೆ.

ತಟಸ್ಥ ಹಿಟ್ಟೆಂದರೆ ಬಹುತೇಕ ಅಕ್ಕಿಯದೇ. ಅದು ನುಣ್ಣಗಿರಬೇಕು, ತರಿಯಾಗಿದ್ದರೆ ತಿರುಳು ಮರಳು ಮರಳಾಗುತ್ತದೆ. ಕಜ್ಜಾಯಕ್ಕೆ ಮಾಡುವ ಹಾಗೆ ಅಕ್ಕಿಯನ್ನು ನೆನೆಸಿ, ನೆರಳಲ್ಲಿ ಆರಿಸಿ, ಬೀಸಿ ಜರಡಿ ಹಿಡಿದ ಹಿಟ್ಟು ಒಣ ಅಕ್ಕಿಯ ಹಿಟ್ಟಿಗಿಂತ ಮೇಲು. ಒಣಗಿದ ಅಕ್ಕಿ ಬೀಸುವಾಗ ಪಿಷ್ಟದ ಕಣಗಳು ಒಡೆದು ಜಜ್ಜಿಹೋಗುತ್ತವೆ, ನೆನೆದ ಅಕ್ಕಿಯಲ್ಲಿ ಆ ಹಾನಿ ಕಡಿಮೆ. ಜಪಾನಿನ ರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಮತ್ತು ಹಿರೋಶಿಮಾ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಪಿಷ್ಟಕ್ಕೆ ಹೆಚ್ಚು ಹಾನಿಯಾಗದ ಅಕ್ಕಿ ಹಿಟ್ಟಿನಿಂದ ಯಾವ ಅಂಟನ್ನೂ ಸೇರಿಸದೆ ಬ್ರೆಡ್ ಉಬ್ಬಿಸಲಾಯಿತು. ಪಿಷ್ಟದ ಕಣಗಳೇ ಗುಳ್ಳೆಗಳ ಸುತ್ತ ಕವಚದಂತೆ ನಿಂತು ಅವನ್ನು ಕಾಯುತ್ತವೆ ಎಂಬುದು ಅವರ ವಿವರಣೆ.

ಮೈಕಟ್ಟಿಗೆ ಬಿಳಿಜೋಳ ಒಳ್ಳೆಯದು. ಅದರ ರುಚಿ ಸೌಮ್ಯ, ಬಣ್ಣ ಗೋಧಿ ಬ್ರೆಡ್ಡಿಗೆ ಹತ್ತಿರ. ರಾಗಿ ಕಂದು ಬಣ್ಣ ಮತ್ತು ಗಾಢ ಪರಿಮಳ ಕೊಡುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ, ಮೂಳೆ ಸವೆತದ ಅಪಾಯವಿರುವ ಸೀಲಿಯಾಕ್ ರೋಗಿಗಳಿಗೆ ಇದು ವಿಶೇಷವಾಗಿ ಬೇಕಾದ ಧಾನ್ಯ. ಒಟ್ಟು ಹಿಟ್ಟಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚು ರಾಗಿ ಹಾಕಿದರೆ ಬ್ರೆಡ್ ಗಟ್ಟಿಯಾಗುತ್ತದೆ. ನವಣೆ, ಸಾಮೆ, ಬರಗು, ಹಾರಕ, ಊದಲು, ಕೊರಲೆ ಎಲ್ಲವನ್ನೂ ಬಳಸಬಹುದು. ಸಜ್ಜೆಯ ಹಿಟ್ಟು ಬೇಗ ಕಮಟು ಹಿಡಿದು ಕಹಿಯಾಗುವುದರಿಂದ ಅದನ್ನು ಆಗಾಗ ಬೀಸಿಕೊಳ್ಳಬೇಕು. ಕಡಲೆ ಹಿಟ್ಟು ಹತ್ತನೆಯ ಒಂದು ಪಾಲಿದ್ದರೆ ಬಣ್ಣ ಚೆನ್ನಾಗಿ ಬರುತ್ತದೆ, ಹೆಚ್ಚಾದರೆ ಹಸಿವಾಸನೆ ಉಳಿಯುತ್ತದೆ.

ಪಿಷ್ಟಕ್ಕೆ ಮರಗೆಣಸು, ಮೆಕ್ಕೆಜೋಳ (ಅಂಗಡಿಯಲ್ಲಿ ಕಾರ್ನ್‌ಫ್ಲೋರ್), ಆಲೂಗಡ್ಡೆ, ಕೂವೆ ಹಿಟ್ಟು ಬಳಕೆಯಲ್ಲಿವೆ. ಮರಗೆಣಸಿನ ಪಿಷ್ಟ ಹಿಗ್ಗುವ ಗುಣ ಕೊಡುತ್ತದೆ, ಆಲೂಗಡ್ಡೆಯದು ತೇವ ಹಿಡಿಯುತ್ತದೆ. ಪಿಷ್ಟ ಸಿಗದಿದ್ದರೆ ಸಬ್ಬಕ್ಕಿಯನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿದರೆ ಆಯಿತು, ಅದೂ ಮರಗೆಣಸೇ.

ಜಿಗಿ ಕೊಡುವ ವಸ್ತುಗಳು

ಕಾರ್ಖಾನೆಯ ಬ್ರೆಡ್ಡಿನಲ್ಲಿ ಹೆಚ್ಚಾಗಿ ಕಾಣುವುದು ಜಾಂಥನ್ ಗಮ್. ಜಾಂಥೊಮೊನಾಸ್ ಎಂಬ ಬ್ಯಾಕ್ಟೀರಿಯಾ ಸಕ್ಕರೆಯಿಂದ ತಯಾರಿಸುವ ಈ ಅಂಟನ್ನು ಅಮೆರಿಕದ ಕೃಷಿ ಇಲಾಖೆಯ ಪಿಯೋರಿಯಾ ಪ್ರಯೋಗಾಲಯದಲ್ಲಿ ಅಲೀನ್ ಜೀನ್ಸ್ ಮತ್ತು ಸಂಗಡಿಗರು ಕಂಡುಹಿಡಿದರು. ಅಮೆರಿಕದಲ್ಲಿ ಇದನ್ನು ಆಹಾರದಲ್ಲಿ ಬಳಸಲು 1969ರಲ್ಲಿ ಅನುಮತಿ ಸಿಕ್ಕಿತು. ಹಿಟ್ಟಿನ ತೂಕದ ಶೇ. 0.5ರಿಂದ 1ರಷ್ಟು ಸಾಕು. ಗೋರಿಕಾಯಿ ಜಾತಿಯ ಬೀಜದಿಂದ ಬರುವ ಗ್ವಾರ್ ಗಮ್ಮನ್ನೂ ಬಳಸುತ್ತಾರೆ.

ಮನೆಗೆ ಇವೆರಡಕ್ಕಿಂತ ಇಸಬಗೋಲಿನ ಹೊಟ್ಟು ಲೇಸು. ಪ್ಲಾಂಟಾಗೊ ಒವಾಟಾ ಎಂಬ ಗಿಡದ ಬೀಜದ ಸಿಪ್ಪೆ ಇದು. ಮುಖ್ಯವಾಗಿ ಗುಜರಾತ್ ಮತ್ತು ರಾಜಸ್ಥಾನದಲ್ಲಿ ಬೆಳೆಯುತ್ತದೆ, ಇದರ ದೊಡ್ಡ ಮಾರುಕಟ್ಟೆ ಗುಜರಾತಿನ ಊಂಝಾ. ಜಗತ್ತಿನ ಇಸಬಗೋಲಿನ ಬಹುಪಾಲು ಭಾರತದ್ದೇ. ಮಲಬದ್ಧತೆಗೆಂದು ಔಷಧಿ ಅಂಗಡಿಯಲ್ಲಿ ಮಾರುವ ಇದೇ ಹೊಟ್ಟು ಬ್ರೆಡ್ಡಿಗೂ ಆಗುತ್ತದೆ, ಆದರೆ ಸಕ್ಕರೆ, ಪರಿಮಳ ಸೇರಿಸದ ಸಾದಾ ಹೊಟ್ಟಾಗಿರಬೇಕು. ಹಿಟ್ಟಿನ ತೂಕದ ಶೇ. 4ರಿಂದ 6ರಷ್ಟು ಇಸಬಗೋಲು ಹಾಕಿದರೆ ಹಿಟ್ಟನ್ನು ಕೈಯಲ್ಲಿ ಉಂಡೆ ಕಟ್ಟಬಹುದು. ಮೇಲಿನ ಎರಡು ಗಮ್ಮುಗಳಲ್ಲಿ ಈ ಗುಣ ಕಡಿಮೆ. ಅಗಸೆ ಬೀಜದ ಪುಡಿ ಮತ್ತು ಚಿಯಾ ಬೀಜವೂ ಲೋಳೆ ಬಿಡುತ್ತವೆ, ಆದರೆ ಅವುಗಳ ಹಿಡಿತ ಇಷ್ಟು ಬಲವಲ್ಲ.

ಸಲಕರಣೆ

ಮೊದಲು ಬೇಕಾದದ್ದು ಗ್ರಾಂ ತೋರಿಸುವ ಅಡುಗೆಮನೆಯ ತೂಕದ ಯಂತ್ರ. ಒಂದು ಲೋಟ ರಾಗಿ ಹಿಟ್ಟಿಗೂ ಒಂದು ಲೋಟ ಮರಗೆಣಸಿನ ಪಿಷ್ಟಕ್ಕೂ ತೂಕದಲ್ಲಿ ವ್ಯತ್ಯಾಸವಿರುವುದರಿಂದ ಲೋಟದ ಅಳತೆ ಇಲ್ಲಿ ಕೈಕೊಡುತ್ತದೆ. ಗೋಧಿ ಬ್ರೆಡ್ಡಿನಲ್ಲಿ ನಾದುವ ಕೈಗೆ ಅಂದಾಜು ಸಿಗುತ್ತದೆ, ಇಲ್ಲಿ ನಾದುವ ಕೆಲಸವೇ ಇಲ್ಲ.

ಬೇಯಿಸಲು ಓಟಿಜಿ ಅನುಕೂಲ. ಕನ್ವೆಕ್ಷನ್ ಮೈಕ್ರೊವೇವ್ ಕೂಡ ಆಗುತ್ತದೆ. ಎರಡೂ ಇಲ್ಲದ ಮನೆಯಲ್ಲಿ ದಪ್ಪ ತಳದ ಪಾತ್ರೆ ಅಥವಾ ಕುಕ್ಕರನ್ನೇ ಒಲೆಯಾಗಿ ಬಳಸುತ್ತಾರೆ. ಕುಕ್ಕರಿನ ಗ್ಯಾಸ್ಕೆಟ್ ಮತ್ತು ವಿಷಲ್ ಎರಡನ್ನೂ ತೆಗೆದು, ತಳಕ್ಕೆ ಒಂದು ಇಂಚು ಕಲ್ಲುಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ನೀರು ಹಾಕದೆ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ, ನಂತರ ಟಿನ್ನನ್ನು ಒಳಗಿಟ್ಟು ಸಣ್ಣ ಉರಿಯಲ್ಲಿ ಬೇಯಿಸಬೇಕು. ಒಣ ಕಾಯಿಸುವಿಕೆಯನ್ನು ಕುಕ್ಕರಿನ ತಯಾರಕರು ಬೇಡವೆಂದಿದ್ದರೆ ಅದಕ್ಕೆ ದಪ್ಪ ತಳದ ಹಳೆಯ ಪಾತ್ರೆಯನ್ನೇ ಇಟ್ಟುಕೊಳ್ಳುವುದು ಕ್ಷೇಮ. ಈ ವಿಧಾನದಲ್ಲಿ ಬ್ರೆಡ್ಡಿನ ಮೇಲ್ಭಾಗ ಬಿಳಿಚಿಕೊಂಡೇ ಇರುತ್ತದೆ. ಬೆಂದ ಮೇಲೆ ಕಾದ ತವೆಯ ಮೇಲೆ ಕವುಚಿ ಎರಡು ಮೂರು ನಿಮಿಷ ಇಟ್ಟರೆ ಕೆಂಪಾಗುತ್ತದೆ.

ಟಿನ್ನಿನ ಗೋಡೆ ಇಲ್ಲಿ ಬಹಳ ಮುಖ್ಯ. ಗ್ಲುಟೆನ್ ಇಲ್ಲದ ಹಿಟ್ಟು ತಾನಾಗಿ ನಿಲ್ಲದೆ ಪಕ್ಕಕ್ಕೆ ಹರಡುತ್ತದೆ, ಹಾಗಾಗಿ ಕಿರಿದಾದ, ಎತ್ತರದ ಟಿನ್ನು ಬೇಕು.

ತಯಾರಿಕೆ

20 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಟಿನ್ನಿಗೆ ಒಂದು ಮಾದರಿ ಅಳತೆ ಹೀಗಿದೆ: ಅಕ್ಕಿ ಹಿಟ್ಟು 150 ಗ್ರಾಂ, ಜೋಳದ ಹಿಟ್ಟು 100 ಗ್ರಾಂ, ಮರಗೆಣಸಿನ ಪಿಷ್ಟ 100 ಗ್ರಾಂ, ಇಸಬಗೋಲು 20 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 7 ಗ್ರಾಂ, ಸಕ್ಕರೆ 15 ಗ್ರಾಂ, ಉಪ್ಪು 7 ಗ್ರಾಂ, ಎಣ್ಣೆ 25 ಗ್ರಾಂ, ನಿಂಬೆರಸ ಒಂದು ಚಮಚ, ನೀರು 380 ಮಿ.ಲೀ. ಗೋಧಿ ಬ್ರೆಡ್ಡಿಗೆ ಹಿಟ್ಟಿನ ತೂಕದ ಶೇ. 60-65ರಷ್ಟು ನೀರು ಸಾಕಾದರೆ ಇಲ್ಲಿ ಹಿಟ್ಟಿಗಿಂತ ನೀರೇ ಹೆಚ್ಚು. ಮೊದಲ ಬಾರಿ ಮಾಡುವವರು ಹೆದರಿ ನೀರು ಕಡಿಮೆ ಹಾಕುವುದರಿಂದಲೇ ಬ್ರೆಡ್ ಒಣಗಿ ಬಿರಿಯುತ್ತದೆ.

ಮುಟ್ಟಿದರೆ ಉಗುರುಬೆಚ್ಚಗೆ ಅನ್ನಿಸುವ, 35-38 ಡಿಗ್ರಿ ಸೆಲ್ಸಿಯಸ್ಸಿನ ನೀರಿಗೆ ಇಸಬಗೋಲನ್ನು ಉದುರಿಸುತ್ತಾ ಕಡೆಗೋಲು ಅಥವಾ ವಿಸ್ಕಿನಿಂದ ತಿರುಗಿಸಬೇಕು. ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ. ಐದು ನಿಮಿಷದಲ್ಲಿ ನೀರೆಲ್ಲ ಮೊಟ್ಟೆಯ ಬಿಳಿಯಂತೆ ಲೋಳೆಯಾಗಿ, ಸೌಟು ಎತ್ತಿದರೆ ದಾರದಂತೆ ಇಳಿಯುತ್ತದೆ. ಆಗ ಎಣ್ಣೆ, ನಿಂಬೆರಸ, ಬಳಿಕ ಬೇರೆ ಬೋಗುಣಿಯಲ್ಲಿ ಬೆರೆಸಿಟ್ಟ ಒಣ ಪದಾರ್ಥಗಳನ್ನು ಸೇರಿಸಿ ನಾಲ್ಕೈದು ನಿಮಿಷ ಚೆನ್ನಾಗಿ ಕಲಸಬೇಕು. ಹದ ಸರಿಯಾದಾಗ ಹಿಟ್ಟು ಮೆದು ವಡೆ ಹಿಟ್ಟಿನಂತೆ ಇರುತ್ತದೆ: ಕೈಗೆ ಅಂಟುತ್ತದೆ, ಆದರೆ ಕೈ ಒದ್ದೆ ಮಾಡಿಕೊಂಡರೆ ಬಿಡುತ್ತದೆ.

ಗೋಧಿ ಬ್ರೆಡ್ಡಿನಂತೆ ಎರಡು ಸಲ ಉಬ್ಬಿಸಬಾರದು. ಒಮ್ಮೆ ಒಡೆದ ಗುಳ್ಳೆಗಳನ್ನು ಮತ್ತೆ ಕಟ್ಟುವ ಬಲೆ ಇಲ್ಲಿಲ್ಲ. ಕಲಸಿದ ಹಿಟ್ಟನ್ನು ನೇರವಾಗಿ ಎಣ್ಣೆ ಸವರಿದ ಟಿನ್ನಿಗೆ ತುಂಬಿ, ಒದ್ದೆ ಕೈಯಿಂದ ಮೇಲ್ಮೈ ನುಣುಪು ಮಾಡಿ, ಒದ್ದೆ ಬಟ್ಟೆ ಮುಚ್ಚಿ ಇಡಬೇಕು. ಬೆಂಗಳೂರಿನ ಚಳಿಗಾಲದಲ್ಲಿ ಇದಕ್ಕೆ ಒಂದು ಗಂಟೆಗೂ ಹೆಚ್ಚು ಬೇಕು, ಕಲಬುರಗಿಯ ಬೇಸಿಗೆಯಲ್ಲಿ ಅರ್ಧ ಗಂಟೆಯೇ ಹೆಚ್ಚು. ಗಡಿಯಾರ ನೋಡುವುದಕ್ಕಿಂತ ಟಿನ್ನು ನೋಡಬೇಕು: ಹಿಟ್ಟು ಒಂದೂವರೆ ಪಟ್ಟು ಏರಿ, ಮೇಲೆ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳು ಕಾಣತೊಡಗಿದರೆ ಒಲೆಗೆ ಹೋಗುವ ಹೊತ್ತು ಬಂತು. ಅದನ್ನು ದಾಟಿದರೆ ಬೇಯುವಾಗ ಕುಸಿಯುತ್ತದೆ.

ಮೊದಲೇ ಕಾಯಿಸಿಟ್ಟ ಓಟಿಜಿಯಲ್ಲಿ 200 ಡಿಗ್ರಿಯಲ್ಲಿ 15 ನಿಮಿಷ, ಆಮೇಲೆ 180 ಡಿಗ್ರಿಗೆ ಇಳಿಸಿ ಇನ್ನೂ 40 ನಿಮಿಷ ಬೇಯಿಸಬೇಕು. ಕುಕ್ಕರಿನಲ್ಲಾದರೆ ಅಳತೆ ಅರ್ಧ ಮಾಡಿ, ಚಿಕ್ಕ ಸ್ಟೀಲ್ ಡಬ್ಬಿಯಲ್ಲಿ ಸುಮಾರು 50 ನಿಮಿಷ. ನೀರು ಹೆಚ್ಚಿರುವುದರಿಂದ ಹೊರಗೆ ಕೆಂಪಾದರೂ ಒಳಗೆ ಹಸಿ ಇರುವ ಸಾಧ್ಯತೆ ಹೆಚ್ಚು. ಕಡ್ಡಿ ಚುಚ್ಚಿ ನೋಡುವುದು ಇಲ್ಲಿ ಪೂರ್ತಿ ನಂಬಿಕೆಗೆ ತಕ್ಕದ್ದಲ್ಲ. ಥರ್ಮಾಮೀಟರ್ ಇದ್ದರೆ ನಡುಭಾಗ 96-98 ಡಿಗ್ರಿ ಮುಟ್ಟಿರಬೇಕು. ಇಲ್ಲದಿದ್ದರೆ ತೂಕ ನೋಡಬಹುದು: ಒಲೆಗಿಡುವಾಗ ಸುಮಾರು 800 ಗ್ರಾಂ ಇದ್ದ ಹಿಟ್ಟು ಬೆಂದ ಮೇಲೆ 720 ಗ್ರಾಮಿಗಿಂತ ಕೆಳಗೆ ಇಳಿದಿದ್ದರೆ ಸಾಕಷ್ಟು ನೀರು ಹೋಗಿದೆ ಎಂದರ್ಥ.

ಟಿನ್ನಿನಿಂದ ತೆಗೆದು ಜಾಲರಿಯ ಮೇಲೆ ಎರಡು ಮೂರು ಗಂಟೆ ಆರಲು ಬಿಡಬೇಕು. ಪಿಷ್ಟ ಗಟ್ಟಿಯಾಗುವುದು ಈ ಹೊತ್ತಿನಲ್ಲೇ. ಬಿಸಿಯಿರುವಾಗ ಕೊಯ್ದರೆ ಚಾಕುವಿಗೆ ಅಂಟು ಹತ್ತಿ, ಚೆನ್ನಾಗಿ ಬೆಂದ ಬ್ರೆಡ್ ಕೂಡ ಹಸಿಯಂತೆ ಕಾಣುತ್ತದೆ.

ದೋಷಗಳು ಮತ್ತು ಕಾರಣಗಳು

ಮೇಲ್ಭಾಗ ನಡುವೆ ತಗ್ಗಿದರೆ ಅತಿಯಾಗಿ ಉಬ್ಬಿದೆ ಅಥವಾ ನೀರು ಹೆಚ್ಚಾಗಿದೆ. ತಳದಲ್ಲಿ ಹಲ್ವದಂಥ ಅಂಟು ಪದರ ಕಂಡರೆ ಬೇಯುವ ಅವಧಿ ಸಾಲದು, ಇಲ್ಲವೇ ಇಸಬಗೋಲು ಅತಿಯಾಗಿದೆ. ಮೇಲೆ ಬಿರುಕು ಬಿಟ್ಟು ಪುಡಿಪುಡಿಯಾದರೆ ನೀರು ಕಡಿಮೆ. ಕೊಯ್ದಾಗ ಮೇಲ್ಪದರದಡಿ ದೊಡ್ಡ ಪೊಳ್ಳು ಕಂಡರೆ ಟಿನ್ನಿಗೆ ತುಂಬುವಾಗ ಗಾಳಿ ಉಳಿದಿದೆ. ತುಂಬಿದ ಮೇಲೆ ಟಿನ್ನನ್ನು ಕಟ್ಟೆಯ ಮೇಲೆ ಎರಡು ಸಲ ಮೆಲ್ಲಗೆ ಕುಟ್ಟಿದರೆ ಸರಿಹೋಗುತ್ತದೆ.

ಈ ಬ್ರೆಡ್ ಬೇಗ ಹಳಸಲಾಗುತ್ತದೆ. ಬೆಂದು ಹಿಗ್ಗಿದ ಪಿಷ್ಟ ಮತ್ತೆ ಬಿಗಿಯುತ್ತಾ ನೀರು ಬಿಡುವುದು ಇದಕ್ಕೆ ಕಾರಣ, ಆ ಬಿಗಿತ ಫ್ರಿಜ್ಜಿನ ತಂಪಿನಲ್ಲಿ ಇನ್ನೂ ಬೇಗ ಆಗುತ್ತದೆ. ಆದ್ದರಿಂದ ಇದನ್ನು ಫ್ರಿಜ್ಜಿನಲ್ಲಿ ಇಡಬಾರದು. ಆರಿದ ಕೂಡಲೇ ಹೋಳು ಮಾಡಿ ಫ್ರೀಜರಿನಲ್ಲಿ ಇಟ್ಟರೆ ಒಂದು ತಿಂಗಳು ಕೆಡದು. ಬೇಕೆಂದಾಗ ಹೋಳನ್ನು ನೇರವಾಗಿ ತವೆಯ ಮೇಲೆ ಕಾಯಿಸಬಹುದು.

ಬಗೆಗಳು

ಯೀಸ್ಟಿನಿಂದ ಉಬ್ಬಿಸಿದ ಟಿನ್ನಿನ ಬ್ರೆಡ್ ಒಂದು ಬಗೆ. ಬೇಕಿಂಗ್ ಪೌಡರ್ ಅಥವಾ ಸೋಡಾ-ಮೊಸರಿನಿಂದ ಉಬ್ಬಿಸುವ ದಿಢೀರ್ ಬ್ರೆಡ್ ಇನ್ನೊಂದು. ಕಾಯುವ ಕೆಲಸವಿಲ್ಲ, ಆದರೆ ತಿರುಳು ಕೇಕಿನಂತಿರುತ್ತದೆ. ಮೂರನೆಯದು ಹುಳಿ ಹಿಟ್ಟಿನ ಬ್ರೆಡ್: ರಾಗಿ ಅಥವಾ ಅಕ್ಕಿ ಹಿಟ್ಟನ್ನು ನೀರಿನಲ್ಲಿ ಕಲಸಿ, ದಿನವೂ ಹೊಸ ಹಿಟ್ಟು ಸೇರಿಸುತ್ತಾ ಐದಾರು ದಿನ ಹುಳಿಸಿ, ಅದನ್ನೇ ಹುದುಗಾಗಿ ಬಳಸುವುದು. ಹುಳಿಯಿಂದ ರುಚಿ ಬರುತ್ತದೆ, ಬೂಸ್ಟು ಬೇಗ ಹಿಡಿಯುವುದಿಲ್ಲ. ನೆನೆಸಿದ ಅಕ್ಕಿ ಮತ್ತು ಉದ್ದನ್ನು ರುಬ್ಬಿ, ಹುದುಗಿಸಿ, ಟಿನ್ನಿನಲ್ಲಿ ಬೇಯಿಸುವ ಬ್ರೆಡ್ ನಾಲ್ಕನೆಯದು. ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿ ರುಬ್ಬಿ ಸ್ವಲ್ಪ ಇಸಬಗೋಲು ಸೇರಿಸಿದರೆ ಹೋಳು ಮಾಡಲು ಬರುತ್ತದೆ. ಪಡ್ಡಿನ ಕಾವಲಿಯಲ್ಲಿ ಹುಯ್ದರೆ ಇದೇ ಹಿಟ್ಟು ಪುಟ್ಟ ಬನ್ನಾಗುತ್ತದೆ.

ಬೆರಕೆಯ ಅಪಾಯ

ಸೀಲಿಯಾಕ್ ಇರುವವರ ಮಟ್ಟಿಗೆ ಅಳತೆ, ಹದಕ್ಕಿಂತ ಈ ಭಾಗ ಹೆಚ್ಚು ಮುಖ್ಯ. ಅಂತಾರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆಯಾದ ಕೋಡೆಕ್ಸ್ 2008ರಲ್ಲಿ ಪರಿಷ್ಕರಿಸಿದ ನಿಯಮದ ಪ್ರಕಾರ, ಒಂದು ಕಿಲೊ ಆಹಾರದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇದ್ದರೆ ಅದನ್ನು ಗ್ಲುಟೆನ್‌ರಹಿತ ಎನ್ನುವಂತಿಲ್ಲ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿಯೂ ಇಷ್ಟೇ. ಒಂದು ಕಿಲೊ ಅಕ್ಕಿ ಹಿಟ್ಟಿಗೆ ಒಂದು ಚಿಟಿಕೆ ಗೋಧಿ ಹಿಟ್ಟು ಬಿದ್ದರೂ ಈ ಮಿತಿ ಮೀರುತ್ತದೆ.

ಆ ಚಿಟಿಕೆ ಬೀಳುವ ಮೊದಲ ಜಾಗ ಬೀದಿಯ ಹಿಟ್ಟಿನ ಗಿರಣಿ. ಹಿಂದಿನವರ ಗೋಧಿ ಬೀಸಿದ ಕಲ್ಲಿನಲ್ಲೇ ರಾಗಿ ಬೀಸಿದರೆ ಮೊದಲ ಸೇರು ಹಿಟ್ಟಿನಲ್ಲಿ ಗೋಧಿ ಖಂಡಿತ ಬೆರೆತಿರುತ್ತದೆ. ‘ಮೊದಲು ನಮ್ಮದು ಹಾಕಿ’ ಎಂದು ಬೆಳಿಗ್ಗೆಯೇ ಹೋಗಿ ಕೇಳಿಕೊಂಡರೂ ಹಿಂದಿನ ದಿನದ ಪುಡಿ ಕಲ್ಲಿನಲ್ಲಿ, ಚೀಲದಲ್ಲಿ, ಗಾಳಿಯಲ್ಲಿ ಉಳಿದಿರುತ್ತದೆ. ಆದ್ದರಿಂದ ಮನೆಯಲ್ಲೇ ಒಂದು ಸಣ್ಣ ಹಿಟ್ಟಿನ ಯಂತ್ರ ಇಟ್ಟುಕೊಳ್ಳುವುದು, ಇಲ್ಲವೇ ಗ್ಲುಟೆನ್‌ರಹಿತ ಎಂದು ಪರೀಕ್ಷಿಸಿ ಮುದ್ರೆಯೊತ್ತಿದ ಹಿಟ್ಟನ್ನು ಕೊಳ್ಳುವುದು ಸುರಕ್ಷಿತ ದಾರಿ. ಸಾದಾ ಓಟ್ಸ್ ಹೊಲ ಮತ್ತು ಕಾರ್ಖಾನೆಗಳಲ್ಲೇ ಗೋಧಿ, ಬಾರ್ಲಿಯೊಂದಿಗೆ ಬೆರೆತಿರುತ್ತದೆ.

ಕಣ್ಣಿಗೆ ಕಾಣದ ಗೋಧಿಯೂ ಇದೆ. ಅಂಗಡಿಯ ಡಬ್ಬಿಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಅಥವಾ ಮೈದಾ ಸೇರಿರುತ್ತದೆ. ಸೋಯಾ ಸಾಸ್, ಮಾಲ್ಟ್ ಸೇರಿದ ಪೇಯಗಳು, ಮಾಲ್ಟ್ ವಿನೆಗರ್ ಕೂಡ ಹಾಗೆಯೇ. ಚಿರೋಟಿ ರವೆ, ಬನ್ಸಿ ರವೆ, ಶ್ಯಾವಿಗೆ, ಖಪ್ಲಿ ಗೋಧಿ ಇವೆಲ್ಲ ಗೋಧಿಯ ವಂಶದವೇ. ಒಂದೇ ಮನೆಯಲ್ಲಿ ಚಪಾತಿಯೂ ಆಗುತ್ತಿದ್ದರೆ ಜರಡಿ, ಲಟ್ಟಣಿಗೆ, ಮರದ ಸೌಟು, ಟೋಸ್ಟರ್ ಮತ್ತು ಬ್ರೆಡ್ ಟಿನ್ನನ್ನು ಬೇರೆಯೇ ಇಡಬೇಕು. ಜರಡಿಯ ಕಣ್ಣುಗಳಲ್ಲಿ ಸಿಕ್ಕಿಕೊಂಡ ಹಿಟ್ಟು ಎಷ್ಟು ತೊಳೆದರೂ ಹೋಗುವುದಿಲ್ಲ.

ಬಳಕೆ ಮತ್ತು ಇಂದಿನ ಸ್ಥಿತಿ

ಸೀಲಿಯಾಕ್ ಕಾಯಿಲೆಯಲ್ಲಿ ಗ್ಲುಟೆನ್ ಸಣ್ಣಕರುಳಿನ ಒಳಪದರಕ್ಕೆ ದೇಹದ ರೋಗನಿರೋಧಕ ವ್ಯವಸ್ಥೆಯಿಂದಲೇ ಹಾನಿ ಮಾಡಿಸುತ್ತದೆ; ಆಹಾರದ ಸಾರ ರಕ್ತಕ್ಕೆ ಸೇರದೆ ರಕ್ತಹೀನತೆ, ಭೇದಿ, ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಕಾಣಿಸುತ್ತವೆ. ಇದಕ್ಕೆ ಜೀವನಪರ್ಯಂತ ಗ್ಲುಟೆನ್ ಬಿಡುವುದೇ ಚಿಕಿತ್ಸೆ. ಭಾರತದ ಮೂರು ಭಾಗಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಕಾಯಿಲೆಯ ಪ್ರತಿಕಾಯಗಳು ಉತ್ತರದಲ್ಲಿ ಶೇ. 1.23ರಷ್ಟು, ದಕ್ಷಿಣದಲ್ಲಿ ಶೇ. 0.10ರಷ್ಟು ವಯಸ್ಕರಲ್ಲಿ ಕಂಡವು. ಅಪಾಯದ ಜೀನ್‌ಗಳು ಎಲ್ಲೆಡೆ ಹೆಚ್ಚುಕಡಿಮೆ ಸಮಾನವಾಗಿದ್ದರೂ ಗೋಧಿ ತಿನ್ನುವ ಪ್ರಮಾಣದಲ್ಲಿ ದೊಡ್ಡ ಅಂತರವಿತ್ತು. ದಕ್ಷಿಣದ ಊಟದ ತಟ್ಟೆಗೆ ಚಪಾತಿ, ಮೈದಾ ಹೆಚ್ಚೆಚ್ಚು ಬರುತ್ತಿರುವ ಈ ಕಾಲದಲ್ಲಿ ಇಲ್ಲಿನ ವೈದ್ಯರೂ ಈ ಕಾಯಿಲೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕಾಗಿದೆ.

ಕಾಯಿಲೆ ಇಲ್ಲದವರಿಗೆ ಈ ಬ್ರೆಡ್ಡಿನಿಂದ ವಿಶೇಷ ಲಾಭವಿಲ್ಲ. ಅಂಗಡಿಯ ಗ್ಲುಟೆನ್‌ರಹಿತ ಬ್ರೆಡ್ಡಿನಲ್ಲಿ ಪಿಷ್ಟ ಹೆಚ್ಚು, ಪ್ರೋಟೀನ್ ಕಡಿಮೆ. ಬೆಲೆಯೂ ಸಾದಾ ಬ್ರೆಡ್ಡಿಗಿಂತ ಹಲವು ಪಟ್ಟು. ರಾಗಿ, ಜೋಳ, ನವಣೆಯಿಂದ ಮನೆಯಲ್ಲಿ ಮಾಡಿದ್ದು ಈ ಎರಡು ದೃಷ್ಟಿಯಿಂದಲೂ ಮೇಲು. ವಿಶ್ವಸಂಸ್ಥೆ 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಈ ಹಿಟ್ಟುಗಳು ಕರ್ನಾಟಕದ ಪೇಟೆಗಳಲ್ಲಿ ಸುಲಭವಾಗಿ ಸಿಗುತ್ತಿವೆ, ಆದರೆ ಪೊಟ್ಟಣದ ಮೇಲೆ ‘ಸಿರಿಧಾನ್ಯ ಬ್ರೆಡ್’ ಎಂದಿದ್ದ ಮಾತ್ರಕ್ಕೆ ಅದು ಗ್ಲುಟೆನ್‌ರಹಿತವಲ್ಲ. ಅಂಥ ಬ್ರೆಡ್ಡುಗಳಲ್ಲಿ ಮೊದಲ ಪದಾರ್ಥ ಮೈದಾ ಅಥವಾ ಗೋಧಿ ಆಗಿರುವುದುಂಟು.

ಅನುಮಾನ ಬಂದವರು ಮೊದಲೇ ಗೋಧಿ ಬಿಟ್ಟು ಈ ಬ್ರೆಡ್ ಶುರುಮಾಡಬಾರದು. ಸೀಲಿಯಾಕ್ ಪತ್ತೆಗೆ ಮಾಡುವ ಟಿಟಿಜಿ ರಕ್ತಪರೀಕ್ಷೆ ಮತ್ತು ಕರುಳಿನ ಬಯಾಪ್ಸಿ ಎರಡೂ ಗೋಧಿ ತಿನ್ನುತ್ತಿರುವಾಗಲೇ ಸರಿಯಾದ ಉತ್ತರ ಕೊಡುತ್ತವೆ. ಬಿಟ್ಟು ತಿಂಗಳುಗಳಾದ ಮೇಲೆ ಪರೀಕ್ಷಿಸಿದರೆ ಕಾಯಿಲೆ ಇದ್ದರೂ ಇಲ್ಲವೆಂದು ಬರಬಹುದು.